ಬೇಯಿಸಿದ ಕಂಬಿ

ನನ್ನ ಕೆಲಸ ಮುರಿಯುವುದು. ಯಾರಾದರೂ ಕೇಳಿದರೆ ಹಾಗೇ ಹೇಳುತ್ತೇನೆ, ಕೇಳಿದವರು ತಮಾಷೆ ಅಂದುಕೊಂಡು ನಗುತ್ತಾರೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಸಣ್ಣ ಟೆಸ್ಟಿಂಗ್ ಲ್ಯಾಬು. ಡಿಪ್ಲೊಮಾ ಮುಗಿಸಿ ಸೇರಿದವಳು, ಐವತ್ತು ದಾಟಿದರೂ ಅಲ್ಲೇ ಇದ್ದೇನೆ. ಅಕ್ಕಪಕ್ಕದ ಶೆಡ್ಡುಗಳಲ್ಲಿ ಲೇತ್ ತಿರುಗುತ್ತಿದ್ದ ಜಾಗಕ್ಕೆ ಟೈಲ್ಸ್ ಶೋರೂಮು ಬಂತು, ಜಿಮ್ಮು ಬಂತು. ನಮ್ಮ ಶೆಡ್ಡು ಮಾತ್ರ ಅದೇ ಸಿಮೆಂಟ್ ಶೀಟಿನ ಕೆಳಗೆ ಕೂತಿದೆ. ಕಟ್ಟಡ ಕಟ್ಟುವವರು ಕಂಬಿಯ ತುಂಡುಗಳನ್ನು ತಂದುಕೊಡುತ್ತಾರೆ. ನಾವು ಅವನ್ನು ಎಳೆದು, ಬಗ್ಗಿಸಿ, ಮುರಿದು, ಎಷ್ಟು ತಡೆದುಕೊಂಡವು ಎಂದು ಬರೆದು ಸಹಿ ಹಾಕಿ ಕೊಡುತ್ತೇವೆ.

ಲೋಹದಲ್ಲಿ ಎರಡು ಜಾತಿ. ಬೀಡು ಕಬ್ಬಿಣದ ತುಂಡನ್ನು ಮೆಶೀನಿಗೆ ಕಚ್ಚಿಸಿ ಎಳೆದರೆ ಅದು ಏನನ್ನೂ ಹೇಳುವುದಿಲ್ಲ. ಉದ್ದವಾಗುವುದಿಲ್ಲ, ಸಣ್ಣಗಾಗುವುದಿಲ್ಲ. ಡಯಲಿನ ಮುಳ್ಳು ಮೇಲೇರುತ್ತಾ ಹೋಗಿ ಇದ್ದಕ್ಕಿದ್ದ ಹಾಗೆ ಫಟ್ ಎಂದು ಎರಡಾಗುತ್ತದೆ, ಸೀಮೆಸುಣ್ಣ ಮುರಿದ ಹಾಗೆ. ಇದು ಬ್ರಿಟಲ್. ಕಂಬಿಯ ಉಕ್ಕು ಹಾಗಲ್ಲ. ಒಂದು ಹಂತದವರೆಗೆ ಎಳೆದು ಬಿಟ್ಟರೆ ಮೊದಲಿನಂತೆಯೇ ಆಗುತ್ತದೆ. ಆ ಹಂತ ದಾಟಿತೋ, ಹಿಗ್ಗುತ್ತದೆ, ಬಿಟ್ಟರೂ ಹಿಂದಕ್ಕೆ ಬರುವುದಿಲ್ಲ. ಇನ್ನೂ ಎಳೆದರೆ ನಡುವೆ ಒಂದು ಕಡೆ ಸಣ್ಣಗಾಗಿ, ಆಮೇಲೆ ಮುರಿಯುತ್ತದೆ. ಇದು ಡಕ್ಟೈಲ್. ಶಾಲೆಯ ಪುಸ್ತಕದಲ್ಲಿ ಭಿದುರತೆ, ತನ್ಯತೆ ಎಂದಿತ್ತು. ಬಾಯಿಪಾಠ ಮಾಡಿ ಬರೆದು ಮರೆತಿದ್ದೆ.

ಕಟ್ಟಡಕ್ಕೆ ಡಕ್ಟೈಲ್ ಕಂಬಿಯೇ ಬೇಕು. ಬೀಳುವ ಮೊದಲು ಅದು ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಕಾಣುತ್ತದೆ, ಒಳಗಿದ್ದವರು ಓಡಿ ಹೊರಗೆ ಬರಬಹುದು. ಹೊಸದಾಗಿ ಸೇರಿದವರಿಗೆ ಇದನ್ನು ನಾನೇ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಕಣ್ಣಿಗೆ ಕಾಣಬೇಕಾದರೆ ನೋಡುವವರೂ ಇರಬೇಕು ಎನ್ನುವುದನ್ನು ಹೇಳಿಕೊಟ್ಟಿರಲಿಲ್ಲ. ಅದು ನನಗೇ ಗೊತ್ತಿರಲಿಲ್ಲ.

ನಮ್ಮ ಮನೆಯಲ್ಲೂ ಎರಡು ಜಾತಿ ಇತ್ತು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅಪ್ಪ ಇದೇ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಟರ್ನರ್. ಎರಡು ಕೋಣೆಯ ಮನೆ, ಒಂದೇ ಬಚ್ಚಲು. ಯಾರು ಮೊದಲು ನೀರು ಹುಯ್ದುಕೊಳ್ಳಬೇಕು ಎಂಬ ಜಗಳದಲ್ಲಿ ಅಕ್ಕ ಯಾವಾಗಲೂ ಕೊನೆಗೆ ನಿಲ್ಲುತ್ತಿದ್ದಳು, ತಣ್ಣೀರಿಗೆ. ಬಂದವರ ಮುಂದೆಲ್ಲ ಅಮ್ಮನದು ಒಂದೇ ಮಾತು. "ದೊಡ್ಡೋಳು ಹೆಂಗೆ ಹೇಳಿದ್ರೆ ಹಂಗೆ, ಚಿನ್ನದಂಥೋಳು. ಇವ್ಳಿದಾಳಲ್ಲ ಚಿಕ್ಕೋಳು, ಮೂಗಿನ ತುದೀಲೇ ಕೋಪ. ಇವ್ಳನ್ನ ಯಾವ ಮನೆಯೋರು ತಡ್ಕೋತಾರೋ." ಯಾವ ಮನೆಯವರೂ ತಡೆದುಕೊಳ್ಳುವ ಪ್ರಸಂಗ ಬರಲಿಲ್ಲ. ಇಬ್ಬರು ಗಂಡುಗಳನ್ನು ನಾನು ಬೇಡ ಅಂದೆ, ಮೂರನೆಯವನು ನನ್ನನ್ನು ಬೇಡ ಅಂದ. ಅಲ್ಲಿಗೆ ಮುಗಿಯಿತು, ನಾನು ನೆಮ್ಮದಿಯಾಗಿದ್ದೆ.

ಅಕ್ಕನನ್ನು ಕೆಂಗೇರಿಗೆ ಕೊಟ್ಟರು. ಹಳೇ ಊರಿನ ಒಕ್ಕಲು ಮನೆತನ. ಹೊಲಗಳೆಲ್ಲ ಸೈಟುಗಳಾಗಿ, ಉಳಿದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡವರು. ನಮ್ಮಂಥವರ ಮನೆಯ ಹುಡುಗಿಗೆ ಅಷ್ಟು ದೊಡ್ಡ ಮನೆ ಸಿಕ್ಕಿತಲ್ಲ ಎಂದು ಅಪ್ಪ ಹಿಗ್ಗಿಹೋಗಿದ್ದರು. ಆ ಮನೆಯಲ್ಲಿ ಅಕ್ಕನಿಗೆ ಯಾರೂ ಹೊಡೆಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಭಾವ ಅವಳ ಹತ್ತಿರ ಮಾತಾಡುತ್ತಿರಲಿಲ್ಲ, ಅಷ್ಟೇ. ಮದುವೆಯಾದ ಎರಡನೇ ವರ್ಷವೋ ಮೂರನೇ ವರ್ಷವೋ ನಿಲ್ಲಿಸಿದ್ದು. ಏನಾದರೂ ಬೇಕಾದರೆ ಗೋಡೆಗೆ ಹೇಳಿದ ಹಾಗೆ ಹೇಳುವುದು, "ಕಾಫಿ ಆಗಿದ್ಯೋ ಇಲ್ವೋ" ಎಂದು. ಸಾರು ಸರಿ ಬಾರದಿದ್ದರೆ ಒಂದೂ ಮಾತಿಲ್ಲದೆ ಬಡಿಸಿದ ಅನ್ನದ ಮೇಲೇ ಕೈತೊಳೆದು ಏಳುವುದು. ಮಕ್ಕಳಾಗಲಿಲ್ಲ. ಅದನ್ನೂ ಯಾರೂ ಬಾಯಿಬಿಟ್ಟು ಆಡಲಿಲ್ಲ. ಮನೆಯಲ್ಲಿ ಹಸುಗೂಸಿನ ನಾಮಕರಣವೋ ಮುಡಿಯೋ ಇದ್ದರೆ ಅವಳನ್ನು ಒಲೆಯ ಹತ್ತಿರದಿಂದ ಆಚೆ ಕರೆಯುತ್ತಿರಲಿಲ್ಲ. ಎಲ್ಲರದೂ ಆದ ಮೇಲೆ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತುಕೊಂಡು ಉಣ್ಣುತ್ತಿದ್ದಳು, ಯಾರು ಯಾವಾಗ ಕೂಗುತ್ತಾರೋ ಎಂದು.

ಇದೆಲ್ಲ ಆಗ ನನಗೆ ಗೊತ್ತಿತ್ತೇ ಎಂದರೆ ಅರ್ಧ ಗೊತ್ತಿತ್ತು, ಇನ್ನರ್ಧ ಗೊತ್ತಾಗಬಾರದು ಅಂದುಕೊಂಡಿದ್ದೆ. ಅವಳು ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಗೌರಿ ಹಬ್ಬಕ್ಕೆ. ಒಳ್ಳೆಯ ಸೀರೆ, ತಲೆತುಂಬ ಹೂವು, ಬಾಯಿತುಂಬ ನಗು. ನಮ್ಮ ಪ್ರತಿ ರಿಪೋರ್ಟಿನ ಕೆಳಗೂ ಒಂದು ಸಾಲು ಅಚ್ಚಾಗಿರುತ್ತದೆ, ಈ ಫಲಿತಾಂಶ ನಮಗೆ ತಂದುಕೊಟ್ಟ ಮಾದರಿಗೆ ಮಾತ್ರ ಅನ್ವಯಿಸುತ್ತದೆ ಎಂದು. ಕಟ್ಟಡದಲ್ಲಿ ಹಾಕಿದ ಕಂಬಿ ಯಾವುದೋ, ನಮಗೆ ತಂದುಕೊಟ್ಟ ತುಂಡು ಯಾವುದೋ. ಆ ಸಾಲನ್ನು ದಿನಾ ಓದುವ ನಾನು, ವರ್ಷದಲ್ಲಿ ಒಂದು ದಿನ ಕಂಡ ನಗುವನ್ನು ನಂಬಿ ಉಳಿದ ದಿನಗಳಿಗೂ ಸಹಿ ಹಾಕುತ್ತಿದ್ದೆ.

ಒಂದು ದಿನ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಕ್ಕ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಆಗಿನ್ನೂ ಕೆಂಗೇರಿಗೆ ಮೆಟ್ರೋ ಬಂದಿರಲಿಲ್ಲ, ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು, ಅದಕ್ಕೂ ಮುಂಚೆ ಒಂದು ಸಲವೂ ನನ್ನ ಕೆಲಸದ ಜಾಗಕ್ಕೆ ಬಂದವಳಲ್ಲ. ಕೈಯಲ್ಲಿ ಸೀರೆ ಅಂಗಡಿಯವರು ಕೊಡುವ ದಪ್ಪ ಬಟ್ಟೆಯ ಚೀಲ, ಕಿತ್ತುಹೋದ ಹಿಡಿಯನ್ನು ಕೆಂಪು ದಾರದಲ್ಲಿ ಹೊಲಿದಿತ್ತು.

"ಏನಕ್ಕಾ, ಭಾವಂಗೇನಾದ್ರೂ ಆಯ್ತಾ?" ಎಂದೆ ಗಾಬರಿಯಿಂದ.

"ಇಲ್ವೇ, ಸುಮ್ನೆ ಬಂದೆ. ನೀನು ಏನ್ ಮಾಡ್ತೀಯ ಇಲ್ಲಿ ಅಂತ ನೋಡೋಣ ಅಂತ."

ಸುಮ್ಮನೆ ಬರುವವಳಲ್ಲ ಅವಳು. ಅಷ್ಟು ಗೊತ್ತಾಗಬೇಕಿತ್ತು. ಅದರ ಬದಲು ನನಗೆ ಹೆಮ್ಮೆಯಾಯಿತು. ಸ್ಟೂಲು ಹಾಕಿ ಕೂರಿಸಿ ನನ್ನ ರಾಜ್ಯವನ್ನೆಲ್ಲ ತೋರಿಸತೊಡಗಿದೆ. ಬೀಡಿನ ತುಂಡು ಫಟ್ ಎಂದಾಗ ಬೆಚ್ಚಿಬಿದ್ದಳು, ನಾನು ನಕ್ಕೆ. ಮೂಲೆಯಲ್ಲಿ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು, ಒಳಗೆ ನಾಲ್ಕು ಬಾಗಿದ ಕಂಬಿಗಳು.

"ಇದೇನೇ, ಕಬ್ಬಿಣಾನೂ ಬೇಯಿಸ್ತೀರಾ?"

ಆ ಪರೀಕ್ಷೆಗೆ ರೀಬೆಂಡ್ ಎನ್ನುತ್ತೇವೆ. ಮೊದಲು ಕಂಬಿಯನ್ನು ಚೆನ್ನಾಗಿ ಬಗ್ಗಿಸುತ್ತೇವೆ. ಬಾಗಿದ್ದನ್ನು ಅರ್ಧ ಗಂಟೆ ಕುದಿಯುವ ನೀರಿನಲ್ಲಿ ಇಡುತ್ತೇವೆ. ಬಾಗಿದ ಸ್ಥಿತಿಯಲ್ಲೇ ವರ್ಷಗಟ್ಟಲೆ ಇದ್ದರೆ ಉಕ್ಕು ಒಳಗೊಳಗೇ ಪೆಡಸಾಗುತ್ತದೆ. ಅಷ್ಟು ವರ್ಷ ಕಾಯಲು ಆಗುವುದಿಲ್ಲವಲ್ಲ, ಅದಕ್ಕೇ ಈ ಕುದಿನೀರು. ಆರಿದ ಮೇಲೆ ಮೆಶೀನಿಗೆ ಹಾಕಿ ಸ್ವಲ್ಪ ನೆಟ್ಟಗೆ ಮಾಡಿ, ಬಿರುಕು ಬಂತೇ ಎಂದು ನೋಡುತ್ತೇವೆ. ಇಷ್ಟನ್ನೂ ಅವಳಿಗೆ ಹೇಳಿ, ಆರಿಸಿಟ್ಟಿದ್ದ ಒಂದು ಕಂಬಿಯನ್ನು ಮೆಶೀನಿಗೆ ಕೊಟ್ಟೆ. ನೆಟ್ಟಗಾಗುತ್ತಾ ಬಂತು, ಬಂತು, ಟಕ್ ಎಂದಿತು. ಮೊದಲು ಬಗ್ಗಿಸಿದ್ದ ಜಾಗದಲ್ಲೇ ಎರಡಾಗಿತ್ತು.

ಅಕ್ಕ ಎದ್ದು ಬಂದು ಅದನ್ನೇ ನೋಡಿದಳು. "ಬಗ್ಸಿದಾಗ ಚೆನ್ನಾಗೇ ಇತ್ತಲ್ವಾ?"

"ಹೂಂ. ಕೂದಲೆಳೆಯಷ್ಟೂ ಬಿರುಕಿರ್ಲಿಲ್ಲ."

"ಮತ್ತೆ ನೆಟ್ಟಗೆ ಮಾಡೋವಾಗ ಯಾಕೆ ಮುರೀತು?"

"ಹಂಗೇ ಅದು. ಬಗ್ಗಿ ಬಗ್ಗಿ ಹಿಗ್ಗೋ ಶಕ್ತಿಯೆಲ್ಲ ಖರ್ಚಾಗೋಗಿರತ್ತೆ. ಮೇಲ್ನೋಟಕ್ಕೆ ಗೊತ್ತಾಗಲ್ಲ."

ಅವಳು ಮುರಿದ ತುದಿಯನ್ನು ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ, "ಒಂದ್ಸಲ ಬಗ್ಗಿದ್ದು ತಾನಾಗೇ ಸರಿಹೋಗಲ್ವಾ?" ಎಂದಳು. ನನಗೆ ತಮಾಷೆ ಹೊಳೆಯಿತು. ನನ್ನ ತಮಾಷೆಗಳೇ ಹೀಗೆ, ಸುಡಬೇಕು. "ಅಕ್ಕಾ, ನಮ್ಮನೇಲಿ ಬ್ರಿಟಲ್ ಅಂದ್ರೆ ನಾನು. ನೀನು ಡಕ್ಟೈಲ್ ಕಣಕ್ಕಾ. ಎಷ್ಟ್ ಬೇಕಾದ್ರೂ ತಡ್ಕೋತೀಯ. ನಿಂಗೇನೂ ಆಗಲ್ಲ."

ಅವಳು ನಕ್ಕಳು. ಗೌರಿ ಹಬ್ಬದ ಅದೇ ನಗು. ನನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ತಿಂದಳು, ನಿಂತುಕೊಂಡೇ. ಬಸ್ ಸ್ಟಾಪಿನವರೆಗೆ ಚೀಲವನ್ನು ನಾನೇ ಹಿಡಿದುಕೊಂಡೆ, ಭಾರವಿತ್ತು. ಏನಿದೆ ಇದರಲ್ಲಿ ಎಂದದ್ದಕ್ಕೆ ಅಂಗಡಿ ಸಾಮಾನು ಎಂದಳು. ಮಧ್ಯಾಹ್ನ ಎರಡು ಗಂಟೆಯ ಒಳಗೆ ನನ್ನ ಅಕ್ಕನನ್ನು ನಾನೇ ಬಸ್ಸು ಹತ್ತಿಸಿ ವಾಪಸ್ಸು ಕಳಿಸಿದ್ದೆ.

ಅದಾದ ಮೇಲೆ ಅಪ್ಪ ತೀರಿಕೊಂಡರು. ನಾನು, ಅಮ್ಮ ವಿಜಯನಗರದ ಪಕ್ಕದ ಹೊಸಹಳ್ಳಿಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದೆವು. ಕೆಂಗೇರಿಗೆ ಮೆಟ್ರೋ ಬಂತು, ಒಂದೇ ಗಾಡಿ, ಸಿನಿಮಾದ ಇಂಟರ್‌ವಲ್ಲಿಗಿಂತ ಸ್ವಲ್ಪ ಜಾಸ್ತಿ ಹೊತ್ತು. ಆದರೂ ಅಕ್ಕ ಬರುತ್ತಿದ್ದದ್ದು ವರ್ಷಕ್ಕೊಮ್ಮೆಯೇ. ಹೋದ ವರ್ಷ ಗೌರಿ ಹಬ್ಬಕ್ಕೆ ಬಂದವಳು ಹಬ್ಬ ಮುಗಿದರೂ ಹೋಗಲಿಲ್ಲ. ಮೂರನೇ ದಿನ ಗಣೇಶನನ್ನು ಬಿಟ್ಟುಬಂದ ಮೇಲೆ, ಕೆಂಪು ದಾರದ ಹಿಡಿಯ ಅದೇ ಚೀಲದಿಂದ ಸೀರೆಗಳನ್ನು ತೆಗೆದು ನನ್ನ ಬೀರುವಿನಲ್ಲಿ ಜೋಡಿಸುತ್ತಾ, "ಇಲ್ಲೇ ಇರ್ತೀನಿ ಕಣೇ, ಆಗುತ್ತಾ?" ಎಂದಳು.

ಆಗುತ್ತಾ ಎಂದರೆ! ನನಗೆ ಕುಣಿಯುವಷ್ಟು ಖುಷಿ. ಅಮ್ಮ ಮಾತ್ರ ಮುಖ ಗಂಟಿಕ್ಕಿಕೊಂಡರು. "ಈ ವಯಸ್ಸಲ್ಲಿ ಇದೇನೇ? ಇಷ್ಟು ವರ್ಷ ಹೊಂದ್ಕೊಂಡು ಬಂದೋಳಿಗೆ ಈಗೇನಾಯ್ತು?" ನಾನು ಅಮ್ಮನ ಮೇಲೆ ಹಾರಿಬಿದ್ದೆ. ಇಷ್ಟು ವರ್ಷ ನೀವೆಲ್ಲ ಸೇರಿ ಅವಳನ್ನು ಬಗ್ಗಿಸಿದ್ದು ಸಾಕು ಎಂದೆ. ನೀವೆಲ್ಲ ಎನ್ನುವಾಗ ನನ್ನನ್ನು ಬಿಟ್ಟು ಹೇಳಿದೆ.

ಮಾರನೇ ದಿನದಿಂದಲೇ ಅಕ್ಕನನ್ನು ನೆಟ್ಟಗೆ ಮಾಡಲು ನಿಂತೆ. ಎಂಥ ಮಂಕು ಕವಿದಿತ್ತೋ, ಈಗ ಕೂತು ಬರೆಯುವಾಗ ನನಗೇ ಅಸಹ್ಯವಾಗುತ್ತದೆ. ನಾಲ್ಕೂವರೆಗೆ ಏಳುತ್ತಿದ್ದಳು, ಯಾಕೆ ಏಳ್ತೀಯ, ಇಲ್ಲಿ ಯಾರಿದಾರೆ ಬೈಯೋಕೆ, ಮಲಗು ಎಂದು ಗದರಿಸಿ ಮಲಗಿಸಿದೆ. ಕಣ್ಣುಬಿಟ್ಟುಕೊಂಡು ಮಲಗಿರುತ್ತಿದ್ದಳು. ಬ್ಯಾಂಕಿಗೆ ಕರೆದುಕೊಂಡು ಹೋಗಿ ಅವಳ ಹೆಸರಲ್ಲಿ ಖಾತೆ ಮಾಡಿಸಿದೆ. ಸಹಿ ಒಂದರಂತೆ ಇನ್ನೊಂದು ಬಾರದೆ ಮೂರು ಅರ್ಜಿ ಕೆಟ್ಟವು, ಮೂರನೆಯದಕ್ಕೆ ನಾನು ಹಲ್ಲು ಕಚ್ಚಿಕೊಂಡದ್ದು ಅವಳಿಗೆ ಕಾಣಿಸಿತು. ಹೊಸ ಫೋನು ಕೊಡಿಸಿದೆ. ವಿಜಯನಗರದಲ್ಲಿ ಒಂದು ಟೈಲರಿಂಗ್ ಕ್ಲಾಸಿಗೆ ಸೇರಿಸಿದೆ. ಎಲ್ಲಕ್ಕಿಂತ ಹೆಚ್ಚಾಗಿ, ನಿಂತು ಉಣ್ಣುವುದನ್ನು ಬಿಡಿಸಲು ಹಟ ಹಿಡಿದೆ. ತಟ್ಟೆ ಹಿಡಿದು ಕಟ್ಟೆಯ ಹತ್ತಿರ ನಿಂತಳು ಎಂದರೆ ಭುಜ ಹಿಡಿದು ತಂದು ಕುರ್ಚಿಯಲ್ಲಿ ಕೂರಿಸುವುದು. ಕೂತಾಗ ತುತ್ತು ಇಳಿಯುತ್ತಿರಲಿಲ್ಲ. ಬಾಗಿಲ ಕಡೆಗೇ ನೋಟ. ಎರಡು ತುತ್ತು ತಿಂದು, ಸಾಕು ಎಂದು ಎದ್ದುಬಿಡುತ್ತಿದ್ದಳು. ಒಂದೂವರೆ ತಿಂಗಳಲ್ಲಿ ಸೀರೆಯ ಕುಪ್ಪಸಗಳು ಸಡಿಲವಾದವು. ಅವನ್ನು ಬಿಗಿ ಮಾಡಲೂ ಅವಳ ಕೈಯಲ್ಲೇ ಹೊಲಿಸಿದೆ, ಹೊಲಿಗೆ ಕಲಿತದ್ದು ಉಪಯೋಗಕ್ಕೆ ಬಂತಲ್ಲ ಎಂದುಕೊಂಡು.

ಆಮೇಲೆ ವಕೀಲರು. ರಾಜಾಜಿನಗರದಲ್ಲೇ ಒಬ್ಬ ಲಾಯರಮ್ಮ, ಒಳ್ಳೆಯ ಹೆಂಗಸು. "ಅವಸರ ಇಲ್ಲ. ಏನೇನಾಯ್ತು ಅಂತ ಅವ್ರ ಮಾತಲ್ಲೇ, ಅವ್ರಿಗೆ ಬೇಕಾದಾಗ ಹೇಳ್ಲಿ" ಎಂದರು. ನನಗೆ ಅವಸರವಿತ್ತು. ಅಕ್ಕನ ಇಪ್ಪತ್ತೆಂಟು ವರ್ಷವನ್ನು ನಾನೇ ಎರಡು ಪುಟಕ್ಕೆ ಇಳಿಸಿ, ಒಂದು, ಎರಡು ಎಂದು ಅಂಕಿ ಹಾಕಿ ಬರೆದೆ. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಅವಳನ್ನು ಟೇಬಲ್ಲಿನ ಮುಂದೆ ಕೂರಿಸಿದೆ. ಅಮ್ಮ ದಿವಾನದ ಮೇಲೆ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು.

"ಓದು. ಲಾಯರ್ ಮುಂದೆ ತಡವರಿಸಬಾರ್ದು."

ಓದಿದಳು, ಕೇಳಿಯೂ ಕೇಳದ ದನಿಯಲ್ಲಿ.

"ಜೋರಾಗಿ ಓದಕ್ಕಾ. ತಪ್ಪು ಮಾಡಿರೋದು ಅವ್ರು, ನೀನ್ಯಾಕೆ ಹೆದರ್ತೀಯ? ತಲೆ ಎತ್ತು."

ಮೊದಲಿಂದ ಓದಿದಳು. ಅನ್ನದ ಮೇಲೆ ಕೈತೊಳೆದ ಸಾಲಿನ ಹತ್ತಿರ ಓದು ನಿಲ್ಲಿಸಿದಳು. ನಾನು ಬೆರಳಿಟ್ಟು ತೋರಿಸಿದೆ, ಇಲ್ಲಿಂದ ಎಂದು. ಎರಡನೇ ಸಲ ತೋರಿಸಿದೆ. ಮೂರನೇ ಸಲಕ್ಕೆ ಅಕ್ಕ ಹಾಳೆಗಳನ್ನು ನಾಲ್ಕಾಗಿ ಹರಿದಳು. ನನ್ನ ಜೀವಮಾನದಲ್ಲಿ ಅವಳು ಏನನ್ನಾದರೂ ಹರಿದದ್ದನ್ನು ನಾನು ಕಂಡಿರಲಿಲ್ಲ.

"ಅಲ್ಲಿ ನಿಂತ್ಕೋ ಅಂತಿದ್ರು, ಇಲ್ಲಿ ಕೂತ್ಕೋ ಅಂತೀಯ. ಅಲ್ಲಿ ಮಾತಾಡ್ಬೇಡ, ಇಲ್ಲಿ ಜೋರಾಗಿ ಮಾತಾಡು. ನನ್ನ ಯಾರಾದ್ರೂ ಒಂದಿನ ಸುಮ್ನೆ ಇರೋಕೆ ಬಿಡ್ತೀರೇನೇ?"

"ಅಕ್ಕಾ, ನಿನ್ನ ಒಳ್ಳೇದಕ್ಕೇ..."

"ಬೇಡ. ಆವತ್ತು ನಿನ್ ಲ್ಯಾಬಿಗೆ ಬಂದಿದ್ನಲ್ಲ, ಚೀಲದಲ್ಲಿ ಏನಿತ್ತು ಗೊತ್ತಾ? ನನ್ ಬಟ್ಟೆ. ಮನೆ ಬಿಟ್ಟು ಬಂದಿದ್ದೆ ಕಣೇ. ಅಮ್ಮಂಗೆ ಹೇಳಿದ್ರೆ ವಾಪಸ್ ಕಳಿಸ್ತಾರೆ, ನೀನಾದ್ರೆ ಇಟ್ಕೋತೀಯ ಅಂತ ನಿನ್ ಹತ್ರ ಬಂದೆ. ನಿಂಗೇನೂ ಆಗಲ್ಲ ಅಂತ ಬಸ್ ಹತ್ತಿಸ್ದೆ. ಆಗ ನಂಗೆ ನಲವತ್ತಾರು. ಆಗ ಎಳೆದು ನಿಲ್ಸಿದ್ರೆ ನಿಂತ್ಕೋತಿದ್ನೋ ಏನೋ."

ಅವಳು ಅಳಲಿಲ್ಲ. ನಾನೂ ಅಳಲಿಲ್ಲ. ಅಮ್ಮ ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಉಕ್ಕು ಎಂದರೇನು, ಬಾಗುವುದೆಂದರೇನು, ಎಲ್ಲವನ್ನೂ ಅರೆದು ಕುಡಿದವಳು ನಾನು. ಕುದಿನೀರಿನಿಂದ ತೆಗೆದ ಕಂಬಿಯನ್ನು ನೆಟ್ಟಗೆ ಮಾಡುವಾಗ ಏನಾಗುತ್ತದೆ ಎಂದು ಈ ಕೈಯಿಂದಲೇ ಅವಳಿಗೆ ತೋರಿಸಿದ್ದೆ. ಅವಳಿಗೆ ಅರ್ಥವಾಗಿತ್ತು, ನನಗೆ ಆಗಿರಲಿಲ್ಲ.

ಸೋಮವಾರ ಸಂಜೆ ಕೆಲಸದಿಂದ ಬಂದಾಗ ಬೀರುವಿನಲ್ಲಿ ಅಕ್ಕನ ಅರೆ ಖಾಲಿಯಿತ್ತು. ಫೋನು, ಬ್ಯಾಂಕಿನ ಪುಸ್ತಕ ಮೇಜಿನ ಮೇಲಿದ್ದವು. ಅಮ್ಮನ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವು ಕಂಡಿತು. "ಹೋದ್ಲು. ಎಷ್ಟಾದ್ರೂ ಹೊಂದ್ಕೊಂಡು ಹೋಗೋ ಹುಡುಗಿ." ಐವತ್ತೈದು ವರ್ಷದ ಹುಡುಗಿ. ಅಮ್ಮನ ಜೊತೆ ಅದಾಗಿ ಹತ್ತು ದಿನ ನಾನು ಮಾತು ಬಿಟ್ಟೆ. ಮಾತು ಬಿಡುವುದು ಎಷ್ಟು ಸುಲಭ ಎನ್ನುವುದೂ ಆಗ ಗೊತ್ತಾಯಿತು, ಭಾವನ ಮೇಲಿನ ಸಿಟ್ಟು ಅದರಿಂದ ಸ್ವಲ್ಪವೂ ಕಡಿಮೆಯಾಗಲಿಲ್ಲ.

ಮೂರು ವಾರ ತಡೆದು ಕೆಂಗೇರಿಗೆ ಹೋದೆ. ಭಾವ ಹಜಾರದಲ್ಲಿ ಟಿವಿ ನೋಡುತ್ತಾ ಕೂತಿದ್ದರು. ನನ್ನನ್ನು ನೋಡಿ, ಒಳಗಡೆಗೆ ಕೇಳುವಂತೆ, "ಯಾರೋ ಬಂದಿದಾರೆ" ಎಂದರು. ಇಪ್ಪತ್ತೆಂಟು ವರ್ಷದಿಂದ ಅವರ ನಾದಿನಿ ನಾನು. ಅಕ್ಕ ಒಳಗಿನಿಂದ ಬಂದು ಅಡುಗೆಮನೆಗೆ ಕರೆದುಕೊಂಡು ಹೋದಳು. ಮುದ್ದೆ, ಬಸ್ಸಾರು. ನನಗೆ ಮಣೆ ಹಾಕಿ ಬಡಿಸಿದಳು. ತಾನೂ ತಟ್ಟೆ ಹಿಡಿದು ಕಟ್ಟೆಗೆ ಒರಗಿ ನಿಂತಳು. ಕೂತ್ಕೋ ಎನ್ನುವ ಮಾತು ನನ್ನ ನಾಲಿಗೆಯವರೆಗೂ ಬಂತು, ನುಂಗಿಕೊಂಡೆ. ನಾನು ನುಂಗಿಕೊಂಡದ್ದನ್ನು ಅವಳು ನೋಡಿದಳು, ಆಮೇಲೆ ನೆಮ್ಮದಿಯಾಗಿ ಒಂದು ಇಡೀ ಮುದ್ದೆ ಉಂಡಳು. ಹೊಸಹಳ್ಳಿಯಲ್ಲಿ ಒಂದೂವರೆ ತಿಂಗಳಲ್ಲಿ ಒಂದು ದಿನವೂ ಅವಳು ಹಾಗೆ ಉಂಡಿರಲಿಲ್ಲ.

"ಅಕ್ಕಾ, ತಪ್ಪಾಯ್ತು. ಇನ್ನೇನೂ ಹೇಳಲ್ಲ. ಬಾ, ನಿಂಗೆ ಹೆಂಗೆ ಬೇಕೋ ಹಂಗಿರು. ನಿಂತ್ಕೊಂಡೇ ಊಟ ಮಾಡು."

"ಇರ್ಲಿ ಬಿಡೇ. ನಂಗೇನೂ ಆಗಲ್ಲ. ನೀನೇ ಹೇಳಿದ್ಯಲ್ಲ." ಚುಚ್ಚಿ ಹೇಳಿದ್ದಲ್ಲ. ಸಮಾಧಾನ ಮಾಡಲು ಹೇಳಿದ್ದು. ಚುಚ್ಚಿ ಹೇಳಿದ್ದರೆ ಜಗಳವಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ.

ಹೊರಡುವಾಗ ಹಿತ್ತಲಿಗೆ ಹೋಗಿ ಗಳದಿಂದ ನುಗ್ಗೇಕಾಯಿ ಕಿತ್ತಳು. ಅಮ್ಮನಿಗೆ ಇಷ್ಟ ಎಂದು ಹತ್ತಿಪ್ಪತ್ತು ಕಾಯಿ. ಯಾವುದರಲ್ಲಿ ಕೊಡುವುದು ಎಂದು ಅತ್ತಿತ್ತ ನೋಡಿ, ಒಳಗೆ ಹೋಗಿ ಒಂದು ಚೀಲ ತಂದಳು. ಕೆಂಪು ದಾರದ ಹಿಡಿ. ತಲೆಕೆಳಗು ಮಾಡಿ ಕೊಡವಿ, ನುಗ್ಗೇಕಾಯಿಗಳನ್ನು ನಿಲ್ಲಿಸಿ ತುಂಬಿದಳು.

"ಚೀಲ ಮುಂದಿನ ಸಲ ತಂದ್ಕೊಡ್ತೀನಿ" ಎಂದೆ.

"ಬೇಡ ಕಣೇ, ನಿನ್ ಹತ್ರಾನೇ ಇರ್ಲಿ. ಇನ್ನು ನಂಗೆ ಬೇಕಾಗಲ್ಲ."

ಇಸಿದುಕೊಳ್ಳಬಾರದಿತ್ತು. ನುಗ್ಗೇಕಾಯಿಯನ್ನು ಅಲ್ಲೇ ಸುರಿದು ಚೀಲವನ್ನು ಅವಳ ಕೈಗೆ ತುರುಕಿ ಬರಬೇಕಿತ್ತು. ಮೆಟ್ರೋದಲ್ಲಿ ಪಕ್ಕದಲ್ಲಿ ಕೂತ ಹೆಂಗಸು, ಕಾಯಿ ಎಳೇದಿದೆ, ಎಲ್ಲಿ ತಗೊಂಡ್ರಿ ಎಂದು ಕೇಳಿದಳು. ನಮ್ಮಕ್ಕನ ಮನೆಯದು ಎಂದೆ. ಚೀಲ ಈಗ ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದೆ, ಅಮ್ಮ ಅದರಲ್ಲಿ ಈರುಳ್ಳಿ ಹಾಕಿಟ್ಟುಕೊಂಡಿದ್ದಾರೆ.